ಇನ್-ಮೆಮೊರಿ ದತ್ತಸಂಚಯಗಳ ವಿದ್ಯುತ್ ಮಿತವ್ಯಯ

ಮಾಹಿತಿಯನ್ನು ಡಿಸ್ಕಿನಲ್ಲಿರಿಸಿ ಬೇಕಾದಾಗ ತರಿಸಿಕೊಳ್ಳುವ ಹಳೆಯ ರೂಢಿಯನ್ನು ತೊರೆದು, ಸಮಸ್ತವನ್ನೂ ಗಣಕದ ಮುಖ್ಯ ಸ್ಮೃತಿಯಲ್ಲಿಯೇ, ಎಂದರೆ ರ‍್ಯಾಮಿನಲ್ಲಿಯೇ, ಧರಿಸಿಕೊಂಡು ವ್ಯವಹರಿಸುವ ದತ್ತಸಂಚಯಕ್ಕೆ ಇನ್-ಮೆಮೊರಿ ಡೇಟಾಬೇಸ್ ಎಂದು ಹೆಸರು. 2010ರಲ್ಲಿ ಹೊರಬಂದ ಎಸ್‌ಎಪಿ ಹಾನಾ ಇದರ ಪ್ರಸಿದ್ಧ ನಿದರ್ಶನ. ತಿರುಗುವ ಡಿಸ್ಕಿನಿಂದ ಒಂದು ದಾಖಲೆಯನ್ನೆತ್ತಲು ಹಲವು ಮಿಲಿಸೆಕೆಂಡು ಹಿಡಿದರೆ, ರ‍್ಯಾಮಿನಿಂದ ಅದು ಸುಮಾರು 100 ನ್ಯಾನೊಸೆಕೆಂಡಿನಲ್ಲಿ ಕೈಸೇರುವುದರಿಂದ, ವೇಗದ ವಿಷಯದಲ್ಲಿ ವಿವಾದಕ್ಕೆಡೆಯಿಲ್ಲ.

ವಿದ್ಯುತ್ತಿನ ಲೆಕ್ಕ ಜಟಿಲವಾದುದು. ಮುಖ್ಯ ಸ್ಮೃತಿಗೆ ಬಳಸುವ, 1967ರಲ್ಲಿ ರಾಬರ್ಟ್ ಡೆನ್ನಾರ್ಡ್ ರೂಪಿಸಿದ ಡಿ-ರ‍್ಯಾಮ್ ಕೋಶದಲ್ಲಿ ಒಂದೊಂದು ಬಿಟ್ ಸಹ ಸೂಕ್ಷ್ಮ ಕೆಪಾಸಿಟರಿನ ವಿದ್ಯುದಾವೇಶವಾಗಿ ನಿಲ್ಲುವುದಷ್ಟೆ; ಆ ಆವೇಶ ಸೋರಿಹೋಗುವ ಕಾರಣ ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ, ಚಿಪ್ಪಿನ ಉಷ್ಣತೆ 85 ಡಿಗ್ರಿ ಸೆಲ್ಸಿಯಸ್ ಮೀರಿದಲ್ಲಿ 32 ಮಿಲಿಸೆಕೆಂಡಿಗೊಮ್ಮೆ, ಅದನ್ನು ಪುನಃ ತುಂಬಬೇಕಾಗುತ್ತದೆ. ಯಾರೂ ಏನನ್ನೂ ಕೇಳದ ನಡುರಾತ್ರಿಯಲ್ಲಿಯೂ ಈ ವೆಚ್ಚ ನಿಲ್ಲದು. ಶರಾವತಿ ವಿದ್ಯುತ್ ಯೋಜನೆಯ ಹಿನ್ನೀರಿನಲ್ಲಿ ಊರೂರೇ ಮುಳುಗಿದುದನ್ನು ಕಂಡ ಶಿವಮೊಗ್ಗ ಜಿಲ್ಲೆಯವರಿಗೆ ಒಂದು ಯೂನಿಟ್ ವಿದ್ಯುತ್ತಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ಇರಿಸಿಕೊಳ್ಳುವುದನ್ನೇ ಸಂಕ್ಷೇಪಿಸುವುದು ಪ್ರಧಾನೋಪಾಯ. ಶಿವಮೊಗ್ಗ ತಾಲೂಕಿನ ಪಹಣಿಗಳನ್ನು ಇಂಥ ದತ್ತಸಂಚಯಕ್ಕೆ ತುಂಬುವುದಾಗಿ ಭಾವಿಸಿದರೆ, ‘ಹೊಳಲೂರು’ ಎಂಬ ಹೆಸರು ಯುಟಿಎಫ್-8 ಕ್ರಮದಲ್ಲಿ 21 ಬೈಟ್, ಎಂದರೆ 168 ಬಿಟ್‌ಗಳನ್ನು ಆಕ್ರಮಿಸಿ, ಆ ಊರಿನ ಪ್ರತಿಯೊಂದು ಸರ್ವೆ ನಂಬರಿನ ಎದುರಿಗೂ ಪುನರುಕ್ತವಾಗುವುದು. ಕಾಲಂ ಕ್ರಮದಲ್ಲಿ ದಾಖಲೆಯಿಡುವ ವ್ಯವಸ್ಥೆಯಾದರೋ ಹೆಸರನ್ನು ತನ್ನ ನಿಘಂಟಿನಲ್ಲಿ ಒಮ್ಮೆ ಬರೆದುಕೊಂಡು, ಉಳಿದೆಡೆಯಲ್ಲೆಲ್ಲ ಅದರ ಕ್ರಮಸಂಖ್ಯೆಯನ್ನು ಮಾತ್ರ ಇಡುತ್ತದೆ. ಕರ್ನಾಟಕದ ಸುಮಾರು 29,000 ಗ್ರಾಮಗಳಿಗೂ ಬೇರೆ ಬೇರೆ ಸಂಖ್ಯೆ ಕೊಡಲು 15 ಬಿಟ್‌ಗಳೇ ಸಾಕು. ಜಾಗ ಹತ್ತರಲ್ಲೊಂದು ಪಾಲಿಗಿಂತಲೂ ಕೆಳಗಿಳಿಯಿತು. ಅದರೊಡನೆ ರ‍್ಯಾಮಿನಿಂದ ಪ್ರೊಸೆಸರಿಗೆ ಸಾಗಿಸತಕ್ಕ ಹೊರೆಯೂ ತಗ್ಗಿತು. ಒಂದು ಕೂಡುವಿಕೆಗೆ ತಗಲುವ ಶಕ್ತಿಗಿಂತ ಅದರ ಅಂಕಿಗಳನ್ನು ರ‍್ಯಾಮಿನಿಂದ ತರುವುದಕ್ಕೆ ತಗಲುವ ಶಕ್ತಿ ಬಹುಪಟ್ಟು ಅಧಿಕವಾದುದರಿಂದ ಈ ಎರಡನೆಯ ಲಾಭವೇ ದೊಡ್ಡದೆನ್ನಬೇಕು.

ಕೆಲಸವನ್ನು ಬೇಗ ಮುಗಿಸುವುದು ಇನ್ನೊಂದು ಉಪಾಯ. ಸುಮ್ಮನಿರುವ ಸರ್ವರ್ ಸಹ ಗಣನೀಯವಾಗಿ ವಿದ್ಯುತ್ತನ್ನು ಸೆಳೆಯುವುದರಿಂದ, ಅತ್ಯಂತ ವೇಗದ ವಿನ್ಯಾಸವೇ ಸಾಮಾನ್ಯವಾಗಿ ಅತ್ಯಂತ ಮಿತವ್ಯಯದ್ದೆಂದು 2010ರಲ್ಲಿ ಸಂಶೋಧಕ ಸಿರೋಗಿಯಾನಿಸ್ ಮತ್ತು ಸಂಗಡಿಗರು ಕಂಡುಕೊಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಯಂತ್ ಹರಿತ್ಸ ಮತ್ತು ಅವರ ಸಹೋದ್ಯೋಗಿಗಳು 2012ರಲ್ಲಿ ಪ್ರಕಟಿಸಿದ ಪ್ರಬಂಧ, ಇನ್-ಮೆಮೊರಿ ವ್ಯವಸ್ಥೆಗಳಿಗೆಂದೇ ಮೀಸಲಾದುದಲ್ಲದಿದ್ದರೂ, ಈ ವಿಚಾರಕ್ಕೆ ಮತ್ತೊಂದು ಮುಖವನ್ನು ತೋರಿಸಿತು: ಒಂದೇ ಪ್ರಶ್ನೆಗೆ ಉತ್ತರವನ್ನೀಯಬಲ್ಲ ಹಲವು ಕಾರ್ಯಯೋಜನೆಗಳಲ್ಲಿ ಪ್ರತಿಯೊಂದರ ಸರಾಸರಿ ವೆಚ್ಚವನ್ನಷ್ಟೇ ನೋಡದೆ, ಅದು ಸೆಳೆಯುವ ಗರಿಷ್ಠ ವಿದ್ಯುತ್ತನ್ನೂ ಮುಂದಾಗಿ ಅಂದಾಜು ಮಾಡಿ ಆಯ್ಕೆ ನಡೆಸಬಹುದೆಂಬುದು ಅದರ ಸಾರ. ಯುಪಿಎಸ್ ಮತ್ತು ತಂಪುಯಂತ್ರಗಳ ಗಾತ್ರವನ್ನು ನಿರ್ಣಯಿಸುವುದು ಆ ಗರಿಷ್ಠವೇ. ಕರೆಂಟು ಹೋಗಿ ಯುಪಿಎಸ್ ಸಹ ಕೈಕೊಟ್ಟರೆ ರ‍್ಯಾಮಿನಲ್ಲಿದ್ದುದೆಲ್ಲವೂ ಅಳಿಸಿಹೋಗುವ ಕಾರಣ, ಪ್ರತಿಯೊಂದು ಬದಲಾವಣೆಯನ್ನೂ ಎಸ್‌ಎಸ್‌ಡಿಯ ಲಾಗಿನಲ್ಲಿ ಬರೆದಿಡುವ ಶಕ್ತಿವೆಚ್ಚವನ್ನು ಯಾವ ಮಿತವ್ಯಯದ ಯೋಜನೆಯಲ್ಲಿಯೂ ಕೈಬಿಡುವಂತಿಲ್ಲ.