ಅರ್ಥಶಾಸ್ತ್ರದಲ್ಲಿ ಎಮ್ಮೆಯ ಮೇವು ಮತ್ತು ಹಾಲಿನ ಜಿಡ್ಡು

ಕರೆಯುವ ಎಮ್ಮೆಗೆ ಎಣ್ಣೆಯನ್ನೂ ಹಿಂಡಿಯನ್ನೂ ಕೊಟ್ಟು ಹಾಲುಬೆಣ್ಣೆಗಳನ್ನು ಹೆಚ್ಚಿಸುವ ಉಪಾಯವು ಪ್ರಾಚೀನ ಭಾರತೀಯರಿಗೆ ವಿದಿತವಾಗಿದ್ದಿತೆಂಬ ಮಾತಿಗೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆಧಾರವಾಗಿ ಹಿಡಿಯುವುದು ಸುಲಭ. ಮೈಸೂರಿನ ಪ್ರಾಚ್ಯಗ್ರಂಥಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿ 1909ರಲ್ಲಿ ಮುದ್ರಿತವಾದ ಈ ಗ್ರಂಥದ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಆದರೆ ಅದರ ಎರಡನೆಯ ಅಧಿಕರಣದ ಗೋಽಧ್ಯಕ್ಷಪ್ರಕರಣದಷ್ಟು ವಿವರವಾಗಿ ಪಶುಗಳ ಮೇವನ್ನು ಅಳತೆ ಸಮೇತ ಹೇಳುವ ಪ್ರಾಚೀನ ಗ್ರಂಥಗಳು ವಿರಳ. ಅಲ್ಲಿ ಹೇಳಿರುವುದೇನು, ಹೇಳದಿರುವುದೇನು ಎಂಬುದನ್ನು ಬೇರ್ಪಡಿಸಿ ನೋಡುವುದು ಅವಶ್ಯಕ.

ಮೂಗುದಾರ ಹಾಕಿದ, ಓಟದಲ್ಲಿಯೂ ಹೊರೆಯಲ್ಲಿಯೂ ಕುದುರೆಗೆ ಸಮನಾದ ಎತ್ತಿಗೆ ಅರ್ಧಭಾರ ಹಸುರುಮೇವು, ಅದರ ಇಮ್ಮಡಿ ಹುಲ್ಲು, ಒಂದು ತುಲೆ, ಎಂದರೆ 100 ಪಲ, ಘಾಣಪಿಣ್ಯಾಕ, ಹತ್ತು ಆಢಕ ತೌಡು, ಐದು ಪಲ ಉಪ್ಪು, ಮೂಗಿಗೆ ಒಂದು ಕುಡುಬ ಎಣ್ಣೆ, ಕುಡಿಯಲು ಒಂದು ಪ್ರಸ್ಥ ಎಣ್ಣೆ ಇವೇ ಮೊದಲಾದುವು ವಿಹಿತವಾಗಿವೆ. ಘಾಣಪಿಣ್ಯಾಕವೆಂಬ ಮಾತು ಕನ್ನಡಿಗರಿಗೆ ಟೀಕೆಯಿಲ್ಲದೆಯೇ ತಿಳಿಯತಕ್ಕದ್ದು. ಅದು ಗಾಣದ ಹಿಂಡಿ. ಹಸುವಿಗೆ ಈ ಪ್ರಮಾಣದಲ್ಲಿ ಕಾಲುಭಾಗ ಕಡಮೆ. ಎಮ್ಮೆಗೂ ಒಂಟೆಗೂ ಇಮ್ಮಡಿ.

ಈ ಇಮ್ಮಡಿಯನ್ನು ಕಂಡೊಡನೆ ಹಾಲಿಗಾಗಿ ಎಮ್ಮೆಗೆ ಎಣ್ಣೆಯನ್ನು ಕುಡಿಸುತ್ತಿದ್ದರೆಂದು ನಿರ್ಣಯಿಸುವುದು ದುಡುಕಾದೀತು. ಮೂಲದ ಶಬ್ದ ‘ಮಹಿಷ’; ಅದರ ಜೊತೆಗಿರುವುದು ಒಂಟೆ; ಪ್ರಮಾಣವನ್ನು ಎಣಿಸಿದ್ದು ದುಡಿಯುವ ಎತ್ತಿನಿಂದ. ಆದುದರಿಂದ ಇಲ್ಲಿಯ ಎಣ್ಣೆಯು ಮುಖ್ಯವಾಗಿ ದುಡಿಮೆಯ ಬಳಲಿಕೆಗೆ ಕೊಟ್ಟ ಪಾನವೆಂದು ತಿಳಿಯುವುದೇ ಯುಕ್ತ. ಹಾಲಿನ ವಿಷಯದ ವಿಧಿ ಮುಂದಿನ ಸೂತ್ರದಲ್ಲಿದೆ: ಎತ್ತಿಗೆ ದುಡಿದ ಕಾಲವನ್ನನುಸರಿಸಿಯೂ, ಕರೆಯುವ ಧೇನುವಿಗೆ ಫಲವನ್ನನುಸರಿಸಿಯೂ ಮೇವನ್ನು ಕೊಡತಕ್ಕದ್ದು. ಹಾಲಿನ ಅಳತೆಯನ್ನು ನೋಡಿ ಮೇವಿನ ಅಳತೆಯನ್ನು ಗೊತ್ತುಮಾಡುವ ಈ ನಿಯಮವು ಇಂದಿನ ಹೈನುಶಾಸ್ತ್ರದ ನಿಯಮವೂ ಹೌದು. ಎಣ್ಣೆಯ ಪ್ರಸ್ಥಕ್ಕಿಂತ ಇದು ಹೆಚ್ಚು ಬೆಲೆಯುಳ್ಳ ಸಾಕ್ಷ್ಯ.

ಬಿಡಿ ಎಣ್ಣೆಯಿಂದ ಹಾಲು ಹೆಚ್ಚುವುದೆಂಬುದಾದರೂ ಅಷ್ಟು ಸರಳವಲ್ಲ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ನಾರನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ಎಣ್ಣೆ ಮಿತಿಮೀರಿದರೆ ಕುಗ್ಗುತ್ತವೆ. ಹಾಲಿನ ಜಿಡ್ಡೇ ತಗ್ಗುವುದೂ ಉಂಟು. 1980ರ ದಶಕದಲ್ಲಿ ಅಮೆರಿಕದ ಒಹಾಯೊದಲ್ಲಿ ಪಾಮ್‌ಕ್ವಿಸ್ಟ್ ಮೊದಲಾದವರು ಕೊಬ್ಬಿನಾಮ್ಲಗಳನ್ನು ಸುಣ್ಣದ ಅಂಶದೊಡನೆ ಕೂಡಿಸಿ, ಮೊದಲ ಹೊಟ್ಟೆಯಲ್ಲಿ ಕರಗದೆ ನಾಲ್ಕನೆಯ ಹೊಟ್ಟೆಯ ಆಮ್ಲದಲ್ಲಿ ಬಿಡುವ ಸಾಬೂನುರೂಪದ ಜಿಡ್ಡನ್ನು ಪರೀಕ್ಷಿಸಿದುದು ಈ ತೊಡಕಿಗಾಗಿಯೇ. ಗಾಣದ ಹಿಂಡಿಯಲ್ಲಿ ಎಣ್ಣೆ ಸಾಕಷ್ಟು ಉಳಿದಿರುತ್ತದೆ. ದ್ರಾವಕದಿಂದ ಎಣ್ಣೆ ತೆಗೆದ ಇಂದಿನ ಹಿಂಡಿಯಲ್ಲಿ ಅದು ನೂರಕ್ಕೆ ಒಂದರ ಆಸುಪಾಸು. ಪ್ರಾಚೀನರ ಪಶುಗಳಿಗೆ ಜಿಡ್ಡು ದಿನದಿನವೂ ದೊರಕುತ್ತಿದ್ದ ದಾರಿ ಪ್ರಾಯಶಃ ಈ ಪಿಣ್ಯಾಕವೇ.

ತುಪ್ಪದ ಲೆಕ್ಕವೂ ಗಮನಾರ್ಹವಾದುದು. ಹಸುವಿನ ಒಂದು ದ್ರೋಣ ಹಾಲಿಗೆ ಒಂದು ಪ್ರಸ್ಥ ತುಪ್ಪ. ಎಮ್ಮೆಯದಕ್ಕೆ ಐದನೆಯ ಒಂದು ಭಾಗ ಅಧಿಕ. ಆಡು ಕುರಿಗಳದಕ್ಕೆ ಅರ್ಧ ಅಧಿಕ. ದ್ರೋಣಕ್ಕೆ 16 ಪ್ರಸ್ಥವಾದುದರಿಂದ, ಹಾಲಿಗೂ ತುಪ್ಪಕ್ಕೂ ಒಂದೇ ಮಾನವೆಂದಿಟ್ಟುಕೊಂಡರೆ, ಹಸುವಿನದು ನೂರಕ್ಕೆ 6¼, ಎಮ್ಮೆಯದು 7½ ಆಗುತ್ತದೆ. ಇಂದಿನ ಎಮ್ಮೆಯ ಹಾಲಿನ ಜಿಡ್ಡು ನೂರಕ್ಕೆ 7ರ ಸಮೀಪದಲ್ಲಿರುವುದರಿಂದ ಎರಡನೆಯದು ನಂಬತಕ್ಕದ್ದೇ. ಮೊದಲನೆಯದು ತೀರ ಹೆಚ್ಚು. ಆಡಿನ ಲೆಕ್ಕವಂತೂ ಒಪ್ಪುವಂತಿಲ್ಲ.

ಆದರೆ ಗ್ರಂಥಕಾರನು ಈ ಅಂಕೆಗಳಿಗೆ ತಾನೇ ಅಂಟಿಕೊಂಡಿಲ್ಲ. ಕಡೆದು ನೋಡಿದ್ದೇ ಪ್ರಮಾಣವೆಂದೂ, ನೆಲ ಹುಲ್ಲು ನೀರುಗಳ ವಿಶೇಷದಿಂದ ಹಾಲುತುಪ್ಪಗಳು ಹೆಚ್ಚುವುವೆಂದೂ ಒಡನೆಯೇ ಸೇರಿಸುತ್ತಾನೆ. ಗೋಪಾಲಕರಿಂದ ತುಪ್ಪವನ್ನು ವಸೂಲುಮಾಡುವ ಅಧಿಕಾರಿಗೆ ಇದು ಸಣ್ಣ ಮಾತಲ್ಲ. ಒಣನೆಲದ ಮಂದೆಯ ಮೇಲೆ ಹಸುರುನೆಲದ ಲೆಕ್ಕವನ್ನು ಹೇರುವುದಕ್ಕೆ ಇಲ್ಲಿ ತಡೆಯಿದೆ. ಇದೇ ಪ್ರಕರಣದಲ್ಲಿ ಕಾಯುವವರು, ಕರೆಯುವವರು, ಕಡೆಯುವವರು ಮೊದಲಾದವರಿಗೆ ಸಂಬಳವನ್ನು ಹಣವಾಗಿಯೇ ಕೊಡಬೇಕೆಂಬ ವಿಧಿಯೂ ಉಂಟು. ಹಾಲುತುಪ್ಪಗಳನ್ನೇ ಸಂಬಳವಾಗಿ ಕೊಟ್ಟರೆ ಅವರು ಕರುಗಳಿಗೆ ಹಾಲುಳಿಸದೆ ಕೊಲ್ಲುವರೆಂಬುದು ಅದಕ್ಕೆ ಅವನು ಕೊಡುವ ಕಾರಣ.