ಛಾಯಾಚಿತ್ರ ಪುಸ್ತಕಗಳೂ ಹೊಲಿಗೆಯ ಕಟ್ಟೂ

ಗ್ರಂಥವೆಂಬ ಶಬ್ದವು ಕಟ್ಟುವುದು, ಪೋಣಿಸುವುದು ಎಂಬ ಅರ್ಥವುಳ್ಳ ಧಾತುವಿನಿಂದ ಹುಟ್ಟಿದುದು. ಸೂತ್ರವೆಂದರೆ ದಾರವೂ ಹೌದು, ಶಾಸ್ತ್ರವಾಕ್ಯವೂ ಹೌದು. ಓಲೆಗರಿಗಳು ಮಡಿಸಲು ಬಾರದ ಬಿಡಿ ಎಲೆಗಳಾದುದರಿಂದ, ಪೂರ್ವಿಕರು ಅವುಗಳಿಗೆ ರಂಧ್ರಮಾಡಿ ದಾರವನ್ನು ಕೋದು, ಮೇಲೂ ಕೆಳಗೂ ಹಲಗೆಗಳನ್ನಿಟ್ಟು ಕಟ್ಟುತ್ತಿದ್ದರು. ಪ್ರತಿಮಾಡಿದ ಲಿಪಿಕಾರರು ಕೊನೆಯಲ್ಲಿ, ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ತನ್ನನ್ನು ರಕ್ಷಿಸಬೇಕೆಂದು ಪುಸ್ತಕವೇ ಬೇಡಿಕೊಳ್ಳುವಂತೆ ಬರೆಯುವುದುಂಟು. ಸಡಿಲವಾದ ಕಟ್ಟನ್ನು ನೀರಿಗೆ ಸಮನಾದ ಶತ್ರುವೆಂದೆಣಿಸಿದುದು ಅತ್ಯುಕ್ತಿಯೇನೂ ಅಲ್ಲ. ಛಾಯಾಚಿತ್ರಗಳನ್ನೊಳಗೊಂಡ ಪುಸ್ತಕಗಳ ಚರಿತ್ರೆಯೇ ಅದಕ್ಕೆ ಸಾಕ್ಷಿ.

ಹಾಳೆಗಳನ್ನು ಮಡಿಸಿ, ಮಡಿಕೆಯ ಮೂಲಕ ದಾರವನ್ನು ಹಾಯಿಸಿ ಪುಸ್ತಕ ಕಟ್ಟುವ ವಿದ್ಯೆಯು ಈಜಿಪ್ಟ್ ದೇಶದಲ್ಲಿ ಬಹು ಹಿಂದೆಯೇ ಬೆಳೆದಿತ್ತು. 1945ರಲ್ಲಿ ಅಲ್ಲಿಯ ನಾಗ್ ಹಮ್ಮಾದಿ ಎಂಬ ಊರಿನ ಬಳಿ ದೊರೆತ, ಕ್ರಿ. ಶ. 4ನೆಯ ಶತಮಾನದ ಪುಸ್ತಕಗಳಿಗೆ ಚರ್ಮದ ಹೊದಿಕೆಗಳಿದ್ದುವು. ಈಜಿಪ್ಟಿನ ಹೊಲಿಗೆಯ ರೀತಿಯು ಮುಂದೆ ಯೂರೋಪನ್ನೂ ಸೇರಿತು. ಇಂಗ್ಲೆಂಡಿನ ಡರಮ್ ಪಟ್ಟಣದಲ್ಲಿ 1104ರಲ್ಲಿ ಸಂತ ಕತ್‌ಬರ್ಟನ ಶವಪೆಟ್ಟಿಗೆಯನ್ನು ತೆರೆದಾಗ ಸಣ್ಣದೊಂದು ಸುವಾರ್ತೆಯ ಪುಸ್ತಕವು ಕಂಡುಬಂದಿತು. ಅದು ಸುಮಾರು 8ನೆಯ ಶತಮಾನದ ಆದಿಯದು. ತನ್ನ ಮೊದಲ ಕಟ್ಟನ್ನೇ ಉಳಿಸಿಕೊಂಡಿರುವ ಯೂರೋಪಿನ ಪುಸ್ತಕಗಳಲ್ಲಿ ಇದೇ ಅತ್ಯಂತ ಪ್ರಾಚೀನವಾದುದು. 2012ರಲ್ಲಿ ಬ್ರಿಟಿಷ್ ಲೈಬ್ರರಿಯು ಇದನ್ನು 90 ಲಕ್ಷ ಪೌಂಡುಗಳಿಗೆ ಕೊಂಡಿತು. ಸಾವಿರದ ಮುನ್ನೂರು ವರ್ಷಗಳಾದರೂ ಆ ಹೊಲಿಗೆಯು ತನ್ನ ಕೆಲಸವನ್ನು ಮಾಡುತ್ತಲೇ ಇದೆ.

ಈ ಕೆಲಸದ ಕ್ರಮವು ನೋಡಲು ಸರಳವಾದುದು. ಕೆಲವು ಹಾಳೆಗಳನ್ನು ನಡುವೆ ಮಡಿಸಿ ಒಂದರೊಳಗೊಂದನ್ನಿಟ್ಟರೆ ಒಂದು ಕಂತೆಯಾಗುವುದು. ಮಡಿಕೆಯಲ್ಲಿ ರಂಧ್ರಗಳನ್ನು ಮಾಡಿ, ಜೇನುಮೇಣವನ್ನು ಸವರಿದ ಅಗಸೆನಾರಿನ ದಾರವನ್ನು ಒಳಕ್ಕೂ ಹೊರಕ್ಕೂ ಓಡಿಸುವರು. ಬೆನ್ನಿನ ಮೇಲೆ ಅಡ್ಡಲಾಗಿ ಬಿಗಿದ ಹುರಿಗಳನ್ನಾಗಲಿ ಬಟ್ಟೆಯ ಪಟ್ಟಿಗಳನ್ನಾಗಲಿ ಆ ದಾರವು ಹಿಡಿದುಕೊಂಡು ಸಾಗುವುದು. ಎರಡು ಕೊನೆಗಳಲ್ಲಿಯೂ ಮೇಲಣ ಕಂತೆಯನ್ನು ಕೆಳಗಣ ಕಂತೆಗೆ ಗಂಟುಹಾಕುವರು. ಬಳಿಕ ಬೆನ್ನಿಗೆ ಅಂಟನ್ನು ಬಳಿದು ರಟ್ಟನ್ನು ಕೂಡಿಸುವರು. ಅಂಟು ಇಲ್ಲಿ ಸಹಾಯಕ ಮಾತ್ರ. ಭಾರವನ್ನು ಹೊರುವುದು ದಾರವೇ. ಪ್ರತಿಯೊಂದು ಹಾಳೆಯ ಮಡಿಕೆಯಲ್ಲಿಯೂ ದಾರವು ಹಾದಿರುವುದರಿಂದ ಯಾವ ಹಾಳೆಯೂ ತಾನಾಗಿ ಕಳಚಿ ಬೀಳದು.

ಇಂತಹ ಸ್ಥಿರವಾದ ವಿದ್ಯೆಗೆ 19ನೆಯ ಶತಮಾನದಲ್ಲಿ ಹೊಸದೊಂದು ಪರೀಕ್ಷೆಯು ಒದಗಿತು. 1842ರಲ್ಲಿ ಜಾನ್ ಹರ್ಷೆಲನು ಬಿಸಿಲಿನಿಂದ ನೀಲಿಚಿತ್ರವನ್ನು ಪಡೆಯುವ ಉಪಾಯವನ್ನು ಕಂಡುಹಿಡಿದನು. ಮರುವರ್ಷವೇ ಆನಾ ಆಟ್ಕಿನ್ಸ್ ಎಂಬ ವಿದುಷಿಯು ಆ ಉಪಾಯದಿಂದ ಬ್ರಿಟನ್ನಿನ ಕಡಲಪಾಚಿಗಳ ಚಿತ್ರಗಳನ್ನು ತೆಗೆದು, ಪುಸ್ತಕರೂಪದಲ್ಲಿ ಹೊರಡಿಸತೊಡಗಿದಳು. 1853ರವರೆಗೆ ಸುಮಾರು 400 ಚಿತ್ರಗಳು ಭಾಗಭಾಗವಾಗಿ ಆಕೆಯ ಮಿತ್ರರಿಗೂ ವಿದ್ವತ್ಸಭೆಗಳಿಗೂ ತಲುಪಿದುವು. ಅವುಗಳನ್ನು ಜೋಡಿಸಿ ಕಟ್ಟಿಸಿಕೊಳ್ಳುವ ಹೊಣೆಯು ಪಡೆದವರದೇ ಆಗಿತ್ತು. ಆದುದರಿಂದ ಒಂದು ಪ್ರತಿಯಂತೆ ಇನ್ನೊಂದಿಲ್ಲ. 1844ರಿಂದ 1846ರವರೆಗೆ ಫಾಕ್ಸ್ ಟಾಲ್ಬಟನು ‘ದಿ ಪೆನ್ಸಿಲ್ ಆಫ್ ನೇಚರ್’ ಎಂಬ ಗ್ರಂಥವನ್ನು ಆರು ಭಾಗಗಳಲ್ಲಿ ಪ್ರಕಟಿಸಿದನು. ಅದರ 24 ಛಾಯಾಚಿತ್ರಗಳನ್ನು ಒಂದೊಂದಾಗಿ ಕೈಯಿಂದಲೇ ಅಂಟಿಸಬೇಕಾಗಿತ್ತು.

ಕಟ್ಟುವವನಿಗೆ ಕಷ್ಟವು ಆರಂಭವಾದುದು ಇಲ್ಲಿಯೇ. ಅಚ್ಚಿನ ಹಾಳೆಯನ್ನು ಮಡಿಸಬಹುದು. ಛಾಯಾಚಿತ್ರದ ನಡುವೆ ಮಡಿಕೆಯನ್ನು ಹಾಕಲಾಗದು. 1850ರ ತರುವಾಯ ಬಳಕೆಗೆ ಬಂದ, ಮೊಟ್ಟೆಯ ಬಿಳಿಯ ಲೋಳೆಯನ್ನು ಬಳಿದ ಕಾಗದವಂತೂ ತೆಳುವಾಗಿ ಸುರುಳಿಗೊಳ್ಳುತ್ತಿದ್ದುದರಿಂದ, ಚಿತ್ರವನ್ನು ದಪ್ಪವಾದ ಹಾಳೆಯ ಮೇಲೆ ಅಂಟಿಸಲೇಬೇಕಾಯಿತು. ಹಾಗೆ ಅಂಟಿಸಿದ ಹಾಳೆಗಳು ಹತ್ತಾರು ಸೇರಿದೊಡನೆ ಪುಸ್ತಕದ ಬಾಯಿ ಉಬ್ಬುವುದು, ಬೆನ್ನು ತೆಳುವಾಗಿಯೇ ಉಳಿಯುವುದು. ರಟ್ಟು ಮುಚ್ಚದು, ಮುಚ್ಚಲು ಒತ್ತಿದರೆ ಹೊಲಿಗೆಯೇ ಹರಿಯುವುದು.

ಕುಶಲರಾದ ಕಟ್ಟುಗಾರರು ಇದಕ್ಕೆ ಕಂಡುಕೊಂಡ ಪರಿಹಾರವು ಬುದ್ಧಿವಂತಿಕೆಯದು. ಬಿಡಿಯಾದ ಪ್ರತಿಯೊಂದು ಚಿತ್ರಫಲಕದ ಅಂಚಿಗೂ ಬಟ್ಟೆಯ ಅಥವಾ ಗಟ್ಟಿಕಾಗದದ ಕಿರುಪಟ್ಟಿಯೊಂದನ್ನು ಅಂಟಿಸಿ, ಆ ಪಟ್ಟಿಯನ್ನು ಮಡಿಸಿ, ಮಡಿಕೆಯಲ್ಲಿ ಹೊಲಿದರು. ಚಿತ್ರದ ದಪ್ಪವೆಷ್ಟೋ ಅಷ್ಟೇ ದಪ್ಪದ ತುಂಡುಪಟ್ಟಿಗಳನ್ನು ಬೆನ್ನಿನ ಬಳಿಯಲ್ಲಿ ಸೇರಿಸಿ ಬಾಯಿಯನ್ನೂ ಬೆನ್ನನ್ನೂ ಸಮಮಾಡಿದರು. ಹೀಗೆ ಕಟ್ಟಿದ ಪುಸ್ತಕದಲ್ಲಿ ಬಾಗುವುದು ಪಟ್ಟಿಯೇ ಹೊರತು ಚಿತ್ರವಲ್ಲ. ತೆರೆದರೆ ಹಾಳೆಯು ಮಟ್ಟಸವಾಗಿ ಮಲಗುವುದು.

ಈ ಶ್ರಮವನ್ನು ತಪ್ಪಿಸುವ ಆಸೆಯೂ ಆ ಕಾಲದಲ್ಲಿಯೇ ಹುಟ್ಟಿತ್ತು. ವಿಲಿಯಂ ಹ್ಯಾನ್‌ಕಾಕನೆಂಬವನು 1836ರಲ್ಲಿ ಪುಸ್ತಕದ ಬೆನ್ನಿಗೆ ರಬ್ಬರಿನ ದ್ರಾವಣವನ್ನು ಬಳಿಯುವ ವಿಧಾನಕ್ಕೆ ಪೇಟೆಂಟನ್ನು ಪಡೆದನು. ಮಡಿಕೆಯೂ ಬೇಡ, ದಾರವೂ ಬೇಡ; ಬಿಡಿಹಾಳೆಗಳನ್ನು ಒಟ್ಟುಗೂಡಿಸಿ ಬಳಿದರೆ ತೀರಿತು. ಚಿತ್ರಫಲಕಗಳುಳ್ಳ ಬೆಲೆಬಾಳುವ ಪುಸ್ತಕಗಳು ಅನೇಕವು ಈ ವಿಧಾನದಲ್ಲಿ ಹೊರಬಂದುವು. ತೆರೆದಾಗ ಚೆನ್ನಾಗಿ ಹರಡಿಕೊಳ್ಳುತ್ತಿದ್ದುದರಿಂದ ಜನರು ಮೆಚ್ಚಿಯೂ ಮೆಚ್ಚಿದರು. ಆದರೆ ಕೆಲವು ದಶಕಗಳೊಳಗಾಗಿ ರಬ್ಬರು ಒಣಗಿ ಪುಡಿಯಾಯಿತು. ಬಂಗಾರದ ರಟ್ಟಿನೊಳಗಿಂದ ಹಾಳೆಗಳು ಮಾಗಿದೆಲೆಗಳಂತೆ ಉದುರಿದುವು.

ಹಾಳೆಯು ಉದುರಿದರೆ ಏನು ಹೋಯಿತೆಂದು ಕೇಳುವವರು ಕನ್ನಡನಾಡಿನ ಉದಾಹರಣೆಯನ್ನು ನೋಡಬಹುದು. 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವೊಂದು ಪ್ರಕಟವಾಯಿತು. ಪಿಗೌ, ನೀಲ್ ಎಂಬ ವೈದ್ಯರಿಬ್ಬರೂ ಕರ್ನಲ್ ಬಿಗ್ಸನೂ ತೆಗೆದ ಛಾಯಾಚಿತ್ರಗಳಿಗೆ ಮೆಡೋಸ್ ಟೇಲರನೂ ಜೇಮ್ಸ್ ಫರ್ಗುಸನ್ನನೂ ವಿವರಣೆಯನ್ನು ಬರೆದರು. ಹಳೇಬೀಡು ಮೊದಲಾದೆಡೆಗಳ ದೇವಾಲಯಗಳು ಮುಂದಣ ಜೀರ್ಣೋದ್ಧಾರಗಳಿಗೆ ಮೊದಲು ಹೇಗಿದ್ದುವೆಂಬುದನ್ನು ಅವುಗಳಲ್ಲಿ ಕಾಣಬಹುದು. ಚಿತ್ರಗಳು ಅಚ್ಚಿನವಲ್ಲ, ಅಂಟಿಸಿದ ನಿಜವಾದ ಛಾಯಾಪ್ರತಿಗಳು. ಇಂತಹ ಗ್ರಂಥದಿಂದ ಒಂದು ಫಲಕವು ಕಳಚಿದರೆ ಅದರ ಹೆಸರೂ, ಸಂಖ್ಯೆಯೂ, ಎದುರಿನ ವಿವರಣೆಯೂ ಅದರಿಂದ ಅಗಲುವುವು. ಬಿಡಿಯಾದ ಚಿತ್ರದಲ್ಲಿ ಕಂಬವು ಕಾಣಿಸುವುದು. ಯಾವ ಊರಿನ ಕಂಬವೆಂಬುದು ಕಾಣಿಸದು.

ನೀರಿನ ಪರೀಕ್ಷೆಯೂ ಹೊಲಿಗೆಗೆ ಆಗಿದೆ. 1966ನೆಯ ನವೆಂಬರ್ 4ರಂದು ಇಟಲಿಯ ಆರ್ನೋ ನದಿಯು ಉಕ್ಕಿ, ಫ್ಲಾರೆನ್ಸಿನ ರಾಷ್ಟ್ರೀಯ ಗ್ರಂಥಾಲಯದ ಪುಸ್ತಕಗಳು ಅಸಂಖ್ಯಾತವಾಗಿ ಕೆಸರಿನಲ್ಲಿ ಮುಳುಗಿದುವು. ಅವುಗಳ ಉದ್ಧಾರಕ್ಕೆ ಹೋಗಿದ್ದ ಕ್ರಿಸ್ಟಫರ್ ಕ್ಲಾರ್ಕ್‌ಸನ್ನನು ಒಂದು ವಿಶೇಷವನ್ನು ಗಮನಿಸಿದನು. ದಾರದಿಂದ ಹೊಲಿದು, ಅಂಟನ್ನು ಅತ್ಯಲ್ಪವಾಗಿ ಬಳಸಿ, ಮೆತ್ತನೆಯ ಚರ್ಮಪತ್ರವನ್ನು ಹೊದಿಸಿದ್ದ ಹಳೆಯ ಪುಸ್ತಕಗಳು ಇತರ ಪುಸ್ತಕಗಳಿಗಿಂತ ಚೆನ್ನಾಗಿ ಉಳಿದಿದ್ದುವು. ಅಲ್ಲಿಂದೀಚೆಗೆ ಗ್ರಂಥರಕ್ಷಕರು ಆ ಪ್ರಾಚೀನ ಮಾದರಿಯನ್ನು ಹೊಸ ಗೌರವದಿಂದ ಅಭ್ಯಾಸಮಾಡಿದರು.

ಈಗ ವಿವಾಹಾದಿ ಶುಭಕಾರ್ಯಗಳ ಚಿತ್ರಪುಸ್ತಕಗಳಲ್ಲಿ ಅನೇಕವು ಯಂತ್ರದಲ್ಲಿ ಅಚ್ಚಾಗಿ, ಅಂಟಿನಿಂದಲೇ ಕಟ್ಟಲ್ಪಟ್ಟು ಮನೆಗಳಿಗೆ ಬರುತ್ತವೆ. ಇಂದಿನ ಅಂಟುಗಳು ಹ್ಯಾನ್‌ಕಾಕನ ರಬ್ಬರಿಗಿಂತ ಎಷ್ಟೋ ಮೇಲಾದುವೆಂಬುದು ನಿಜ. ಆದರೂ ಭೇದವೊಂದು ಉಳಿದೇ ಇದೆ. ಅಂಟಿನ ಕಟ್ಟು ಬಿಟ್ಟರೆ ಬೆನ್ನನ್ನು ಕತ್ತರಿಸಿ ಮತ್ತೆ ಅಂಟಿಸಬೇಕು. ಪ್ರತಿಸಲವೂ ಹಾಳೆಯ ಅಂಚು ಸವೆಯುವುದು. ಹೊಲಿಗೆಯಾದರೋ, ದಾರವು ಹಳೆಯದಾದರೆ ಬಿಚ್ಚಿ, ಅವೇ ರಂಧ್ರಗಳಲ್ಲಿ ಹೊಸ ದಾರವನ್ನು ಓಡಿಸಬಹುದು. ಅಜ್ಜನು ಕಟ್ಟಿಸಿದುದನ್ನು ಮೊಮ್ಮಗನು ಮರಳಿ ಕಟ್ಟಿಸಬಲ್ಲನು. ಮನೆಯ ಹಿರಿಯರ ಮುಖಗಳನ್ನು ಮುಂದಿನ ತಲೆಮಾರಿಗೆ ಒಪ್ಪಿಸಬಯಸುವವರು ರಟ್ಟಿನ ಹೊಳಪಿಗೆ ಮರುಳಾಗದೆ, ಪುಸ್ತಕವನ್ನು ತೆರೆದು ಮಡಿಕೆಯ ನಡುವೆ ದಾರವಿದೆಯೇ ಎಂದು ಮೊದಲು ನೋಡತಕ್ಕದ್ದು.