ಮನೆಯಲ್ಲಿ ಕಟ್ಟುವ ಬೀಡಿಗೆ ಲೈಸನ್ಸು ಯಾಕಿಲ್ಲ?

ಮನೆಯಲ್ಲೇ ಕುಳಿತು ಏನಾದರೂ ಸಣ್ಣ ಉದ್ಯೋಗ ಮಾಡೋಣ ಎಂದು ಹೊರಟವರು ಮೊದಲು ಕೇಳುವ ಪ್ರಶ್ನೆ ಒಂದೇ: "ಇದಕ್ಕೆ ಪಂಚಾಯತಿನ ಲೈಸನ್ಸು ಬೇಕೇ?" ಹಪ್ಪಳವಿರಲಿ, ಉಪ್ಪಿನಕಾಯಿಯಿರಲಿ, ಹೊಲಿಗೆಯಿರಲಿ, ಈ ಪ್ರಶ್ನೆ ತಪ್ಪಿದ್ದಲ್ಲ. ಆದರೆ ನಮ್ಮ ಕಾಸರಗೋಡಿನ ಕನ್ನಡ ಪ್ರದೇಶದಲ್ಲಿ, ಮಂಜೇಶ್ವರ, ಉಪ್ಪಳ, ಕುಂಬಳೆಯ ಸುತ್ತಮುತ್ತ, ತಲೆಮಾರುಗಳಿಂದ ಮನೆಮನೆಯಲ್ಲಿ ನಡೆದುಬಂದ ಒಂದು ಕೆಲಸಕ್ಕೆ ಮನೆಯವರು ಲೈಸನ್ಸು ಮಾಡಿಸುವ ಪದ್ಧತಿಯೇ ಇಲ್ಲ. ಅದು ಬೀಡಿ ಕಟ್ಟುವ ಕೆಲಸ.

ಯಾಕಿಲ್ಲ? ಸಣ್ಣ ಕೆಲಸವಾದ್ದರಿಂದ ಸರಕಾರ ಸುಮ್ಮನೆ ಬಿಟ್ಟಿತು ಎಂದು ಹಲವರು ತಿಳಿದಿದ್ದಾರೆ. ವಿಷಯ ಹಾಗಿಲ್ಲ. ಮನೆಗೆ ಲೈಸನ್ಸು ಬೇಡ ಎಂದು ಕಾಯಿದೆಯಲ್ಲೇ ಬರೆದಿದೆ. ಹಾಗೆ ಬರೆಯುವ ಮೊದಲು ಕೋರ್ಟು, ಕಂಪೆನಿ, ಕಾರ್ಮಿಕ ಸಂಘಗಳ ನಡುವೆ ವರ್ಷಗಟ್ಟಲೆ ಜಗ್ಗಾಟ ನಡೆದಿದೆ. ಶಾಲೆಯಲ್ಲಿ ನಾವು ಕಲಿಸುವ ಚರಿತ್ರೆ ಪುಸ್ತಕದಲ್ಲಿ ಇದಕ್ಕೆ ಜಾಗವಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳೋಣ.

ಮೊದಲು ಕೆಲಸದ ರೀತಿ. ಬೀಡಿ ಎಲೆ ಮಧ್ಯಪ್ರದೇಶದಂಥ ದೂರದ ಕಾಡುಗಳಿಂದ ಬರುತ್ತದೆ. ಹೊಗೆಸೊಪ್ಪು ನಿಪ್ಪಾಣಿ, ಗುಜರಾತಿನ ಕಡೆಯಿಂದ. ಇವೆರಡನ್ನೂ ಕಂಪೆನಿ ಕೊಳ್ಳುತ್ತದೆ. ಕಂಪೆನಿಯಿಂದ ಗುತ್ತಿಗೆದಾರನ ಬ್ರಾಂಚಿಗೆ, ಬ್ರಾಂಚಿನಿಂದ ತೂಕ ಮಾಡಿ ಮನೆಗೆ. ಮನೆಯಲ್ಲಿ ಎಲೆ ನೆನೆಸಿ, ಕತ್ತರಿಸಿ, ಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟಿ, ಮರುದಿನ ಮತ್ತೆ ಬ್ರಾಂಚಿಗೆ. ಅಲ್ಲಿ ಸರಿಯಿಲ್ಲದ ಬೀಡಿಯನ್ನು ತೆಗೆದುಹಾಕಿ ಉಳಿದದ್ದಕ್ಕೆ ಸಾವಿರದ ಲೆಕ್ಕದಲ್ಲಿ ಕೂಲಿ. ಎಲೆ ಕಂಪೆನಿಯದ್ದು, ಸೊಪ್ಪು ಕಂಪೆನಿಯದ್ದು, ಕೊನೆಗೆ ಅಂಟಿಸುವ ಲೇಬಲು ಕಂಪೆನಿಯದ್ದು. ಮನೆಯವರದ್ದು ಕೈ, ಕತ್ತರಿ ಮತ್ತು ಕುಳಿತುಕೊಳ್ಳುವ ಜಾಗ. ಈ ವ್ಯವಸ್ಥೆಯಲ್ಲಿ ಮನೆಯವರು ಉದ್ಯೋಗಿಗಳೋ, ಸ್ವಂತ ವ್ಯಾಪಾರಿಗಳೋ? ಮುಂದಿನ ಇಡೀ ಕತೆ ಈ ಒಂದು ಪ್ರಶ್ನೆಯ ಸುತ್ತ ಸುತ್ತುತ್ತದೆ.

ಬ್ರಿಟಿಷರ ಕಾಲದಲ್ಲಿ ಸರಕಾರದ ಕಣ್ಣು ಇದ್ದದ್ದು ಹೊಗೆಸೊಪ್ಪಿನ ಮೇಲೆ. ಯುದ್ಧದ ಖರ್ಚಿನ ದಿನಗಳಲ್ಲಿ, 1943ರಲ್ಲಿ, ಹೊಗೆಸೊಪ್ಪಿಗೆ ಅಬಕಾರಿ ಸುಂಕ ಬಂತು. ಕಟ್ಟುವವರ ಕೈಯ ಬಗ್ಗೆ ಆಗ ಯಾರೂ ವಿಚಾರಿಸಲಿಲ್ಲ. ಸ್ವಾತಂತ್ರ್ಯದ ನಂತರ 1948ರ ಕಾರ್ಖಾನೆ ಕಾಯಿದೆ ಬಂತು. ವಿದ್ಯುತ್ತು ಬಳಸಿದರೆ 10 ಮಂದಿ, ಬಳಸದಿದ್ದರೆ 20 ಮಂದಿ ಕೆಲಸಗಾರರಿದ್ದರೆ ಅದು ಕಾರ್ಖಾನೆ ಎಂದು ಆ ಕಾಯಿದೆ ಹೇಳಿತು. ಅದಕ್ಕಿಂತ ಸಣ್ಣ ಜಾಗವನ್ನೂ ರಾಜ್ಯ ಸರಕಾರ ಕಾಯಿದೆಯೊಳಗೆ ತರಬಹುದಿತ್ತು. ಆದರೆ ಮಾಲಿಕ ತನ್ನ ಕುಟುಂಬದವರನ್ನು ಮಾತ್ರ ಕಟ್ಟಿಕೊಂಡು ದುಡಿಯುವ ಜಾಗವನ್ನು ಮುಟ್ಟುವಂತಿರಲಿಲ್ಲ. ಬೀಡಿಗೆ ಯಂತ್ರವೂ ಬೇಡ, ವಿದ್ಯುತ್ತೂ ಬೇಡ. ಹಾಗಾಗಿ 19 ಮಂದಿಯ ಕೊಟ್ಟಿಗೆ ಕಾರ್ಖಾನೆಯಲ್ಲ. ಮನೆಯಂತೂ ಅಲ್ಲವೇ ಅಲ್ಲ.

ಅದೇ ಹೊತ್ತಿಗೆ ಇನ್ನೊಂದು ಕಡೆ ಸರಕಾರ ನೇರವಾಗಿ ಮನೆಯೊಳಗೇ ಕೈಹಾಕಿತು. ಮಧ್ಯಪ್ರಾಂತ ಮತ್ತು ಬೇರಾರಿನ 1948ರ ಒಂದು ಕಾಯಿದೆಯಂತೆ ಕೃಷಿ ಹಂಗಾಮಿನಲ್ಲಿ ಕೆಲವು ಹಳ್ಳಿಗಳ ನಿವಾಸಿಗಳು ಬೀಡಿ ಕಟ್ಟಬಾರದೆಂದು 1950ರಲ್ಲಿ ಸಾಗರ ಜಿಲ್ಲೆಯ ಅಧಿಕಾರಿ ಆಜ್ಞೆ ಹೊರಡಿಸಿದರು. ಹೊಲಕ್ಕೆ ಆಳು ಸಿಗಲಿ ಎಂಬುದು ಉದ್ದೇಶ. ಚಿಂತಾಮಣ್ ರಾವ್ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದೇ ವರ್ಷ ಆ ನಿಷೇಧವನ್ನು ರದ್ದುಪಡಿಸಿತು. ಹೊಲದಲ್ಲಿ ದುಡಿಯಲಾಗದ ಮುದುಕಿಯರು, ಅಶಕ್ತರು, ಅಂಗವಿಕಲರೂ ಆ ಹಳ್ಳಿಗಳಲ್ಲಿದ್ದಾರೆ, ಅವರ ಕೈಯ ಕೆಲಸವನ್ನೂ ಕಿತ್ತುಕೊಳ್ಳುವುದು ಮಿತಿಮೀರಿದ ನಿರ್ಬಂಧ ಎಂಬುದು ಕೋರ್ಟಿನ ವಾದಸರಣಿ. ಸಂವಿಧಾನ ಜಾರಿಯಾದ ಮೊದಲ ವರ್ಷದಲ್ಲೇ ಹೀಗೆ ಮನೆಯ ದುಡಿಮೆಗೆ ರಕ್ಷಣೆ ಸಿಕ್ಕಿತು. ದುಡಿಯುವ ಹಕ್ಕಂತೂ ಉಳಿಯಿತು. ದುಡಿಸುವವನ ಹೊಣೆ ಏನು ಎಂಬುದಕ್ಕೆ ಉತ್ತರ ಇನ್ನೂ ಬಂದಿರಲಿಲ್ಲ.

1958ರಲ್ಲಿ ಅದೇ ಹೆಸರಿನ ಇನ್ನೊಂದು ಪ್ರಕರಣದಲ್ಲಿ ಕೋರ್ಟು ಬೀಡಿ ಮಾಡಿಸಿಕೊಡುವ ಸಟ್ಟೇದಾರರು, ಎಂದರೆ ಗುತ್ತಿಗೆದಾರರು, ಕಾರ್ಖಾನೆಯ ಕೆಲಸಗಾರರಲ್ಲ, ಸ್ವತಂತ್ರರು ಎಂದಿತು. ಅಲ್ಲಿಗೆ ಮಾಲಿಕನಿಗೂ ಮನೆಗೂ ನಡುವೆ ಒಂದು ಗೋಡೆ ಬಂದಂತಾಯಿತು. ಮನೆಯವರನ್ನು ಕೇಳಿದರೆ "ನಮಗೆ ಗುತ್ತಿಗೆದಾರ ಗೊತ್ತು", ಕಂಪೆನಿಯನ್ನು ಕೇಳಿದರೆ "ನಮಗೂ ಗುತ್ತಿಗೆದಾರನೇ ಗೊತ್ತು"!

ರಾಜ್ಯಗಳು ತಮ್ಮ ತಮ್ಮ ಕಾಯಿದೆಗಳನ್ನು ಮಾಡಿದವು. ಮದರಾಸು ರಾಜ್ಯ 1958ರಲ್ಲಿ ಬೀಡಿ ಕಟ್ಟಿಸುವ ಜಾಗಗಳಿಗೆ ಲೈಸನ್ಸು ಕಡ್ಡಾಯ ಮಾಡಿತು. ನಮ್ಮ ಕಾಸರಗೋಡು ತಾಲೂಕು ಅಷ್ಟರಲ್ಲಿ ಮದರಾಸಿನಲ್ಲಿರಲಿಲ್ಲ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿಯಾಗಿತ್ತು. ಕೇರಳವೂ 1961ರಲ್ಲಿ ಇಂಥದೇ ಕಾಯಿದೆ ಮಾಡಿತು. ಆದರೆ ಒಂದು ರಾಜ್ಯದಲ್ಲಿ ಕಾಯಿದೆ ಬಿಗಿಯಾದರೆ ಬೀಡಿಯ ಕೆಲಸ ಇನ್ನೊಂದು ರಾಜ್ಯಕ್ಕೆ ಹೋಗುತ್ತಿತ್ತು. ಸಾಗಿಸಲು ಯಂತ್ರವಿಲ್ಲ, ಕಟ್ಟಡವಿಲ್ಲ. ಎಲೆಯ ಮೂಟೆಯನ್ನು ಲಾರಿಗೆ ಹಾಕಿದರೆ ಮುಗಿಯಿತು. ನಮ್ಮಲ್ಲಿ ಲಾರಿಯೂ ಬೇಡ. ತಲಪಾಡಿಯ ಗಡಿ ದಾಟಲು ಎಷ್ಟು ಹೊತ್ತು ಬೇಕು? ದೇಶಕ್ಕೆಲ್ಲ ಒಂದೇ ಕಾಯಿದೆ ಬೇಕೆಂದು ಕೇಂದ್ರ ಸರಕಾರ ಹೊರಟದ್ದಕ್ಕೆ ಈ ವಲಸೆಯೂ ಒಂದು ಕಾರಣ.

ಹಾಗೆ ಬಂದದ್ದು 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆ. ಅದರಲ್ಲಿ ಮೂರು ಮಾತುಗಳನ್ನು ಗಮನಿಸಬೇಕು.

ಒಂದನೆಯದು, ಲೈಸನ್ಸಿಲ್ಲದೆ ಯಾರೂ ಯಾವ ಜಾಗವನ್ನೂ ಬೀಡಿಯ ಕಾರ್ಯಸ್ಥಳವಾಗಿ ಬಳಸಬಾರದು. ಅರ್ಜಿಯ ಜತೆ ಕಟ್ಟಡದ ನಕ್ಷೆ ಕೊಡಬೇಕು, ಹೆಚ್ಚೆಂದರೆ ಎಷ್ಟು ಮಂದಿ ಕೆಲಸ ಮಾಡುತ್ತಾರೆಂದು ತಿಳಿಸಬೇಕು. ಜಾಗ ತಕ್ಕದ್ದೇ, ಅರ್ಜಿದಾರನಿಗೆ ಅನುಭವವಿದೆಯೇ, ಹಣದ ಬಲವಿದೆಯೇ ಎಂದು ಅಧಿಕಾರಿ ನೋಡಬೇಕು. ಲೈಸನ್ಸು ಆ ಹಣಕಾಸು ವರ್ಷಕ್ಕೆ ಮಾತ್ರ; ಮತ್ತೆ ನವೀಕರಿಸಬೇಕು.

ಎರಡನೆಯದು, 'ಕಾರ್ಯಸ್ಥಳ' ಎಂಬ ಪದದ ಅರ್ಥ ಹೇಳುವಾಗ ಖಾಸಗಿ ವಾಸದ ಮನೆಯನ್ನು ಹೊರಗಿಟ್ಟರು. ಬೀಡಿ ಕಟ್ಟುವವರು ವಾಸಿಸುವ ಮನೆಗೆ ಲೈಸನ್ಸು ಬೇಡ.

ಮೂರನೆಯದೇ ಮುಖ್ಯ. ಮನೆಯನ್ನು ಹೊರಗಿಟ್ಟರೂ ಮನೆಯಲ್ಲಿ ಕಟ್ಟುವವರನ್ನು ಕಾಯಿದೆ ಹೊರಗಿಡಲಿಲ್ಲ. ಮಾಲಿಕನಿಂದಾಗಲಿ ಗುತ್ತಿಗೆದಾರನಿಂದಾಗಲಿ ಎಲೆ, ಸೊಪ್ಪು ಪಡೆದು ಮನೆಯಲ್ಲಿ ಬೀಡಿ ಕಟ್ಟುವವರು ಸಹ 'ಉದ್ಯೋಗಿ' ಎಂದು ಬರೆದರು. ಅವರಿಗೂ ಸಂಬಳ ಸಹಿತ ರಜೆ, ಹೆರಿಗೆ ಸೌಲಭ್ಯ ಅನ್ವಯಿಸಿದವು. ತಮ್ಮದೇ ಎಲೆ, ತಮ್ಮದೇ ಸೊಪ್ಪು ಕೊಂಡು, ತಮ್ಮ ಮನೆಯಲ್ಲಿ, ತಮ್ಮನ್ನು ನಂಬಿದ ಕುಟುಂಬದವರ ಸಹಾಯದಿಂದ ಬೀಡಿ ಮಾಡುವ ಸ್ವಂತ ಉದ್ಯೋಗಿಗಳನ್ನು ಮಾತ್ರ ಕಾಯಿದೆಯಿಂದ ಪೂರ್ತಿಯಾಗಿ ಬಿಟ್ಟರು. ಬೇರೆ ಮಾಲಿಕನ ಕೆಲಸ ಮಾಡುವವರಿಗೆ ಈ ವಿನಾಯಿತಿಯಿಲ್ಲ.

ಅಂದರೆ ಒಂದೇ ಜಗಲಿ, ಒಂದೇ ಕತ್ತರಿ, ಒಂದೇ ಬೀಡಿ. ಎಲೆ ಯಾರದ್ದು ಎಂಬುದರ ಮೇಲೆ ಅವರು ಮಾಲಿಕರೋ ಕಾರ್ಮಿಕರೋ ಎಂಬುದು ನಿರ್ಧಾರವಾಗುತ್ತದೆ.

ಈ ಕಾಯಿದೆಯನ್ನು ಕೇರಳ ಸರಕಾರ 1968ರಲ್ಲಿ ಜಾರಿಗೆ ತಂದಾಗ ಗಡಿಯ ಈಚೆ ದೊಡ್ಡ ಅಲ್ಲೋಲಕಲ್ಲೋಲವಾಯಿತು. ಉತ್ತರ ಮಲಬಾರಿನಲ್ಲಿ ಬೀಡಿ ಕಟ್ಟಿಸುತ್ತಿದ್ದ ಮಂಗಳೂರಿನ ಗಣೇಶ್ ಬೀಡಿಯಂಥ ಕಂಪೆನಿಗಳು ಈ ಖರ್ಚು ತಮಗೆ ಹೊರಲಾಗದೆಂದು ಕೇರಳದ ಕೆಲಸ ನಿಲ್ಲಿಸಿದವು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ಅದರ ಮರುವರ್ಷ, 1969ರಲ್ಲಿ, ಕಣ್ಣೂರನ್ನು ಕೇಂದ್ರವಾಗಿಟ್ಟುಕೊಂಡು ಸರಕಾರದ ನೆರವಿನಿಂದ ಕಾರ್ಮಿಕರದ್ದೇ ಸಹಕಾರಿ ಸಂಘ ಹುಟ್ಟಿತು. ಅದೇ ಕೇರಳ ದಿನೇಶ್ ಬೀಡಿ. ಅಲ್ಲಿ ಬೀಡಿ ಕಟ್ಟುವುದು ಮನೆಯಲ್ಲಿ ಅಲ್ಲ, ಸಂಘದ ಕಾರ್ಯಶಾಲೆಯಲ್ಲಿ. ಒಬ್ಬರು ಪತ್ರಿಕೆ ಓದಿ ಹೇಳುವುದು, ಉಳಿದವರು ಕೇಳುತ್ತಾ ಕಟ್ಟುವುದು, ಓದಿದವರ ಪಾಲಿನ ಬೀಡಿಯನ್ನು ಜತೆಯವರು ಹಂಚಿಕೊಂಡು ಕಟ್ಟಿಕೊಡುವುದು ಆ ಕಾರ್ಯಶಾಲೆಗಳ ಹೆಸರಾಂತ ಪದ್ಧತಿ. ಮುಂದೆ ಬೀಡಿ ಸೇದುವವರು ಕಡಿಮೆಯಾದಾಗ ಸಂಘ ಕೊಡೆ, ತಿನಿಸು, ಬಟ್ಟೆಗಳ ಕಡೆ ತಿರುಗಿತು.

ಮಂಗಳೂರಿನ ಕಡೆ ಹಾಗಾಗಲಿಲ್ಲ. ಅಲ್ಲಿ ಮನೆಯೇ ಬೀಡಿಯ ಕಾರ್ಯಶಾಲೆಯಾಗಿ ಉಳಿಯಿತು. ಕಂಪೆನಿಗಳು ಕಾಯಿದೆಯನ್ನೇ ಪ್ರಶ್ನಿಸಿ ಕೋರ್ಟಿಗೆ ಹೋದವು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ನಡುವೆ ಗುತ್ತಿಗೆದಾರನಿದ್ದಾನೆಂದು ಹೇಳಿ ಕಂಪೆನಿ ಕೈತೊಳೆದುಕೊಳ್ಳುವ ದಾರಿ ಕಾಯಿದೆಯ ಮಟ್ಟಿಗೆ ಮುಚ್ಚಿತು. ಬೀಡಿ ಕೆಲಸಗಾರರ ಕ್ಷೇಮನಿಧಿಯ ಕಾಯಿದೆಗಳು 1976ರಲ್ಲಿ ಬಂದವು. 1977ರಲ್ಲಿ ಭವಿಷ್ಯನಿಧಿಯನ್ನು ಬೀಡಿಗೆ ವಿಸ್ತರಿಸಿದರು. ಮನೆಯಲ್ಲಿ ಕಟ್ಟುವವರಿಗೆ ಅದು ಸಿಗದು ಎಂಬ ವಾದ ಮತ್ತೆ ಬಂತು. 1985ರಲ್ಲಿ ಪಿ. ಎಂ. ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಕೋರ್ಟು ಕೊಟ್ಟ ಕಾರಣ ನಮ್ಮೂರಿನ ಯಾವ ಅಜ್ಜಿಗೂ ಅರ್ಥವಾಗುವಂಥದ್ದು: ಸರಿಯಿಲ್ಲದ ಬೀಡಿಯನ್ನು ತಿರಸ್ಕರಿಸುವ ಅಧಿಕಾರ ಯಾರಿಗಿದೆಯೋ ಕೆಲಸದ ಮೇಲೆ ಹತೋಟಿಯೂ ಅವರದ್ದೇ.

ಕಾಗದದಲ್ಲಿ ಇಷ್ಟೆಲ್ಲ ಇದೆ. ಆದರೆ ಲೈಸನ್ಸಿಲ್ಲದ ಜಾಗದಲ್ಲಿ ಒಂದು ಕೊರತೆ ಯಾವಾಗಲೂ ಉಳಿಯುತ್ತದೆ. ಲೈಸನ್ಸಿನ ಕಾರ್ಯಶಾಲೆಯಲ್ಲಿ ಎಷ್ಟು ಮಂದಿ ಇದ್ದಾರೆಂದು ಹಾಜರಿ ಪುಸ್ತಕ ಹೇಳುತ್ತದೆ. ಮನೆಯಲ್ಲಿ ಯಾರು ಕಟ್ಟಿದರೆಂದು ಹೇಳುವುದು ಬ್ರಾಂಚಿನ ಪುಸ್ತಕ ಮಾತ್ರ. ಒಂದೇ ಪುಸ್ತಕದ ಬೀಡಿಯನ್ನು ಮನೆಯ ಮೂರು ಮಂದಿ ಕಟ್ಟುವುದುಂಟು. ಅತ್ತೆಯ ಹೆಸರಿನಲ್ಲಿ ಪುಸ್ತಕವಿದ್ದರೆ ಸೊಸೆ, ಮಗಳು ಕಟ್ಟಿದ್ದೂ ಅತ್ತೆಯ ಲೆಕ್ಕಕ್ಕೇ ಸೇರುತ್ತದೆ. ಹೆರಿಗೆ ಸೌಲಭ್ಯ ಬೇಕಾದ ಸೊಸೆಯ ಹೆಸರು ಎಲ್ಲೂ ಇಲ್ಲ! ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕಾರ್ಯಸ್ಥಳದಲ್ಲಿ ದುಡಿಸಬಾರದೆಂದು 1966ರ ಕಾಯಿದೆ ಹೇಳಿತು. ಆದರೆ ಮನೆ ಕಾರ್ಯಸ್ಥಳವೇ ಅಲ್ಲವಲ್ಲ! ಶಾಲೆ ಬಿಟ್ಟು ಹೋದ ಮಕ್ಕಳು ಮನೆಯಲ್ಲಿ ನೂಲು ಕಟ್ಟಲು ಕುಳಿತರೆ ನೋಡುವವರು ಯಾರು?

ಶಿಕ್ಷಕರಾದ ನಮಗೆ ಇದು ಎದುರಾಗುವುದು ವಿದ್ಯಾರ್ಥಿವೇತನದ ಅರ್ಜಿಯ ಹೊತ್ತಿಗೆ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಸರಕಾರದ ವಿದ್ಯಾರ್ಥಿವೇತನವಿದೆ. ಅದಕ್ಕೆ ಬೇಕಾದದ್ದು ತಾಯಿ ಅಥವಾ ತಂದೆ ಬೀಡಿ ಕಾರ್ಮಿಕರೆಂಬ ಗುರುತುಚೀಟಿ. ತಾಯಿಯ ಬೆರಳು ನೋಡಿದರೆ ಯಾರಿಗೂ ಗೊತ್ತಾಗುತ್ತದೆ. ಆದರೆ ಅರ್ಜಿಗೆ ಬೆರಳು ಲಗತ್ತಿಸಲು ಬರುವುದಿಲ್ಲ. ಪುಸ್ತಕ, ಚೀಟಿ ಎರಡೂ ಅವರ ಹೆಸರಿನಲ್ಲಿಲ್ಲದಿದ್ದರೆ ಇಪ್ಪತ್ತು ವರ್ಷ ಕಟ್ಟಿದ ಬೀಡಿ ಲೆಕ್ಕಕ್ಕಿಲ್ಲ.

ಈಚಿನ ವರ್ಷಗಳಲ್ಲಿ ಕಾಯಿದೆಗಳು ಬದಲಾಗಿವೆ. ಕ್ಷೇಮನಿಧಿಗೆಂದು ವಸೂಲು ಮಾಡುತ್ತಿದ್ದ ಬೀಡಿ ಸೆಸ್ಸು 2017ರಲ್ಲಿ ಜಿಎಸ್‌ಟಿ ಬಂದಾಗ ರದ್ದಾಯಿತು. 1966ರ ಕಾಯಿದೆಯೂ ಈಗ ಪ್ರತ್ಯೇಕವಾಗಿ ಉಳಿದಿಲ್ಲ. 2020ರಲ್ಲಿ ಸಂಸತ್ತು ಒಪ್ಪಿದ ಕಾರ್ಮಿಕರ ಸುರಕ್ಷತೆ, ಆರೋಗ್ಯಗಳ ಸಂಹಿತೆಯಲ್ಲಿ ಅದನ್ನು ಸೇರಿಸಿದರು. ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಹೊಸ ಸಂಹಿತೆಯಲ್ಲೂ ಬೀಡಿಯ ಕಾರ್ಯಸ್ಥಳಕ್ಕೆ ಲೈಸನ್ಸು ಬೇಕು, ಮನೆಯಲ್ಲಿ ಸ್ವಂತವಾಗಿ ದುಡಿಯುವವರಿಗೆ ಬೇಡ. ಹಳೆಯ ಗೆರೆ ಹಾಗೆಯೇ ಮುಂದುವರಿದಿದೆ.

ಮನೆಯಲ್ಲಿ ಉದ್ಯೋಗ ನಡೆಸುವುದು ಈಗ ಹಿಂದಿಗಿಂತ ಸುಲಭ. ಕೇರಳದಲ್ಲಿ 2019ರಲ್ಲಿ ಬಂದ ಕಾಯಿದೆ ಸಣ್ಣ ಉದ್ಯಮದವರು ಒಂದು ಸ್ವೀಕೃತಿ ಪತ್ರ ಪಡೆದು, ಉಳಿದ ಹಲವು ಅನುಮತಿಗಳಿಗೆ ಕಾಯದೆ, ಮೂರು ವರ್ಷ ಕೆಲಸ ನಡೆಸಲು ದಾರಿ ಮಾಡಿಕೊಟ್ಟಿತು. ಒಳ್ಳೆಯದೇ. ಸ್ವಂತ ಬಂಡವಾಳ ಹಾಕಿ, ಸ್ವಂತ ಹೆಸರಿನಲ್ಲಿ ಮಾರುವವರಿಗೆ ಕಾಗದಪತ್ರದ ಹೊರೆ ಕಡಿಮೆಯಾದಷ್ಟೂ ಅನುಕೂಲ. ಆದರೆ ಬೇರೆಯವರು ಕೊಟ್ಟ ಬಟ್ಟೆ ಹೊಲಿದು, ಬೇರೆಯವರು ಕೊಟ್ಟ ಸಾಮಾನು ಪೊಟ್ಟಣ ಕಟ್ಟಿ, ಅವರು ಹೇಳಿದ ದರಕ್ಕೆ ಕೊಡುವವರನ್ನೂ ಈಗ 'ಸ್ವಂತ ಉದ್ಯಮಿ' ಎಂದು ಕರೆಯುವುದು ಶುರುವಾಗಿದೆ. ಅವರು ಬೀಡಿಯ ಈ ಚರಿತ್ರೆಯನ್ನು ಒಮ್ಮೆ ನೆನಪಿಸಿಕೊಳ್ಳುವುದು ಒಳ್ಳೆಯದು.

ಲೈಸನ್ಸು ಬೇಕೇ ಎಂದು ಕೇಳುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಸಾಮಾನು ಯಾರದ್ದು? ಮಾಡಿದ್ದನ್ನು ಬೇಡವೆಂದು ತಿರಸ್ಕರಿಸುವವರು ಯಾರು? ಎರಡಕ್ಕೂ ಉತ್ತರ 'ನಾವೇ' ಎಂದಾದರೆ ಪಂಚಾಯತಿಗೆ ಹೋಗಿ ಯಾವ ಅನುಮತಿ ಬೇಕೆಂದು ವಿಚಾರಿಸಿದರಾಯಿತು. ಉತ್ತರ ಬೇರೆಯವರ ಹೆಸರಾದರೆ, ಬೇಕಾದದ್ದು ಅವರು ಬರೆದುಕೊಟ್ಟ ಲೆಕ್ಕದ ಪುಸ್ತಕ, ಅದೂ ಕೆಲಸ ಮಾಡಿದವರದ್ದೇ ಹೆಸರಿನಲ್ಲಿ. ಬೀಡಿ ಕಟ್ಟುವ ಮನೆಗಳಿಗೂ ನಾವು ಹೇಳುವುದು ಇಷ್ಟೇ: ಮನೆಗೆ ಲೈಸನ್ಸು ಬೇಡ, ಸರಿ. ಆದರೆ ಕಟ್ಟುವ ಪ್ರತಿಯೊಬ್ಬರ ಹೆಸರಿನಲ್ಲೂ ಪುಸ್ತಕ ಇರಲಿ, ಗುರುತುಚೀಟಿ ಇರಲಿ. ಮುಂದಿನ ಬಾರಿ ಬ್ರಾಂಚಿಗೆ ಹೋದಾಗ ಇದನ್ನೊಂದು ಕೇಳಿ ಬನ್ನಿ.